ಚಂದ್ರಂಕಿಯ ಗೆರೆ ನೆಟ್ಟಗಿತ್ತು, ಅಕ್ಕ

ಅಕ್ಕ ಮುನಿಯಲ್ಲಮ್ಮನಿಗೆ, ನರಸಾಪುರದಿಂದ ನಿನ್ನ ತಮ್ಮ ಆಂಜಿ ಮಾಡುವ ನಮಸ್ಕಾರ.

ಮೊದಲು ಕನಸು ಹೇಳಿಬಿಡ್ತೀನಿ, ಇಲ್ಲದಿದ್ದರೆ ಎದೆ ಹಗುರ ಆಗಲ್ಲ. ಕಂಪನಿ ಗೇಟಲ್ಲಿ ನೈಟ್ ಡ್ಯೂಟಿ ಮುಗಿಸಿ ಬೆಳಿಗ್ಗೆ ಬಂದು ಮಲಗಿದ್ದೆ. ಕನಸಲ್ಲಿ ನಿಮ್ಮ ಹುಳದ ಮನೆ. ತಟ್ಟೆ ತುಂಬಾ ರೇಷ್ಮೆಹುಳ, ಎಲ್ಲಾ ಸೊಪ್ಪು ಬಿಟ್ಟು ತಲೆ ಎತ್ತಿವೆ. ನೀನು ಒಂದು ಹುಳ ಅಂಗೈ ಮೇಲೆ ಇಟ್ಟುಕೊಂಡು ನನ್ನ ಕಡೆ ತಿರುಗಿ, "ಏಮ್ರಾ ಆಂಜಿ, ಇದು ಹಣ್ಣಾಗಿದ್ಯಾ ನೋಡು" ಅಂದೆ. ಅಷ್ಟೇ ಕನಸು. ಹಾವಿಲ್ಲ, ಬೆಂಕಿಯಿಲ್ಲ. ಆದರೂ ಬೆವೆತು ಎದ್ದು ಕೂತೆ. ನೀನು ಯಾವತ್ತೂ ಯಾರನ್ನೂ ಆ ಮಾತು ಕೇಳಿದವಳಲ್ಲ. ಸುತ್ತಮುತ್ತ ಹುಳ ಸಾಕೋರೇ ಬಂದು ನಿನ್ನನ್ನ ಕೇಳ್ತಿದ್ದರು.

ಎದ್ದವನೇ ನಿನಗೆ ಫೋನ್ ಮಾಡೋಣ ಅಂದ್ರೆ ನಮ್ಮನೆಯವಳು ಅನಿತ ಫೋನ್ ಕಿತ್ಕೊಂಡಳು. "ನಿಮ್ಮ ಚಿಂತೆಗೂ ಯಾರಾದ್ರೂ ಸಂಬಳ ಕೊಡ್ತಿದ್ರೆ ಇಷ್ಟೊತ್ತಿಗೆ ಮಾಳಿಗೆ ಮನೆ ಎದ್ದಿರ್ತಿತ್ತು" ಅಂತಾಳೆ. ನೀನೂ ಅಷ್ಟೇ. ನಾನು ಬಾಯಿ ತೆಗೆಯೋ ಮುಂಚೆ "ಚೆನ್ನಾಗಿದೀನಿ ಬಿಡೋ, ಸೊಪ್ಪು ಹಾಕ್ಬೇಕು" ಅಂತ ಫೋನ್ ಇಟ್ಟುಬಿಡ್ತೀಯ. ಕಾಗದವನ್ನ ಹಾಗೆ ಇಡೋಕಾಗಲ್ಲ. ಅದಕ್ಕೇ ಬರೀತಿದ್ದೀನಿ.

ನಿನ್ನ ಕಣ್ಣು ಎಂಥದ್ದು ಅಂತ ನಿನಗೇ ಗೊತ್ತಿಲ್ಲ ಅಕ್ಕ. ಅಮ್ಮನ ಮನೇಲಿ ಹುಳ ಹಣ್ಣಾಗಿ ಗೂಡು ಕಟ್ಟೋಕೆ ತಯಾರಾಗೋ ದಿನ ಬಂತು ಅಂದ್ರೆ ನನಗೆ ಸ್ಕೂಲಿಗೆ ರಜಾ. ಹಾಗೆ ರಜಾ ಹಾಕಿ ಹಾಕಿ ಆರನೇ ಕ್ಲಾಸಿಗೆ ನನ್ನ ಓದು ನಿಂತೇಹೋಯ್ತು. ತಟ್ಟೆ ಮುಂದೆ ನಿನ್ನ ಪಕ್ಕ ಕೂತ್ಕೋತಿದ್ದೆ. ನನಗೆ ಎಲ್ಲಾ ಹುಳವೂ ಒಂದೇ ಥರ. ನೀನು ಮಾತಾಡ್ತಾ ಮಾತಾಡ್ತಾನೇ ಅದರಲ್ಲಿ ಹಣ್ಣಾದದ್ದನ್ನ ಮಾತ್ರ ಆರಿಸಿ ಎತ್ತುತ್ತಿದ್ದೆ. ಬೆಳಕಿಗೆ ಹಿಡಿದು ತೋರಿಸಿದೆ ಒಂದ್ಸಲ, ಒಳಗೆ ಜೇನು ತುಂಬಿದ ಹಾಗೆ ಹೊಳೀತಿತ್ತು. ಬೇಗ ಎತ್ತಿದರೆ ಗೂಡು ಕಟ್ಟದೆ ಚಂದ್ರಂಕಿಯ ಬಿದಿರುಪಟ್ಟಿ ಮೇಲೆ ಸುಮ್ಮನೆ ಅಲೆದಾಡತ್ತೆ, ತಡ ಆದರೆ ನೂಲೆಲ್ಲಾ ತಟ್ಟೆಯಲ್ಲೇ ಬಿಟ್ಟುಬಿಡತ್ತೆ ಅಂದಿದ್ದೆ. ನನಗೆ ಓದೂ ಹತ್ತಲಿಲ್ಲ, ಹುಳವೂ ಹತ್ತಲಿಲ್ಲ. ನಿನ್ನ ಪಕ್ಕ ಕೂತಿದ್ದೆ ಅನ್ನೋದೊಂದೇ ನನ್ನ ಪಾಲಿಗೆ ಬಂದಿದ್ದು.

ಅದಕ್ಕೇ, ಕಣ್ಣು ಉರಿ, ಮಂಜು ಅಂತ ನೀನು ಹೇಳಿದಾಗ ನನಗೆ ಊಟ ಸೇರಲಿಲ್ಲ. ಕಂಪನಿ ಬಸ್ಸಲ್ಲಿ ನನ್ನ ಜೊತೆ ಬರೋ ಶಿವಕುಮಾರ್ ಮೀನೆಣ್ಣೆ ಮಾತ್ರೆ ವಿಷಯ ಹೇಳಿದ. ಅದರಲ್ಲಿ ಒಮೆಗಾ ಅಂತ ಒಂದು ಒಳ್ಳೇ ಕೊಬ್ಬು ಇರುತ್ತಂತೆ, ವಯಸ್ಸಾದವರ ಕಣ್ಣು ಕಾಯುತ್ತಂತೆ. ಅವನ ಮಾವನಿಗೆ ಪೇಪರ್ ಓದೋ ಹಾಗಾಯ್ತಂತೆ. ಬರೀ ಅಂತೆಗಳನ್ನೇ ನಂಬಿ ಡಬ್ಬಿ ತಗೊಂಡು ಮುಳಬಾಗಿಲು ಬಸ್ ಹತ್ತಿದೆ. ನೀನು ನನ್ನನ್ನ ಹೊಸಲು ದಾಟೋಕೇ ಬಿಡಲಿಲ್ಲ.

ನೆನೆಸಿಕೊಂಡರೆ ಈಗ್ಲೂ ನಗು ಬರುತ್ತೆ. ಹುಳ ಮನೇಲಿದ್ದಾಗ ಮೀನು ಹುರಿಯೋ ಹಾಗಿಲ್ಲ, ಬೀಡಿ ಸೇದೋ ಹಾಗಿಲ್ಲ, ಒಗ್ಗರಣೆ ಕೂಡ ಹಿತ್ತಲಲ್ಲಿ. ಇದೆಲ್ಲಾ ನನಗೆ ಗೊತ್ತಿಲ್ಲದ್ದೇನಲ್ಲ. "ಮೀನೆಲ್ಲಿದೆ ಅಕ್ಕ, ಬರೀ ಎಣ್ಣೆ, ಅದೂ ಮಾತ್ರೆಯೊಳಗಡೆ" ಅಂದೆ. "ಹುಳಕ್ಕೆ ಮೂಗಿದೆ ಕಣೋ, ಡಬ್ಬಿ ಮೇಲೆ ಬರೆದಿರೋದನ್ನ ಓದೋಕೆ ಬರಲ್ಲ" ಅಂದೆ ನೀನು. ಡಬ್ಬಿ ಹೋಗಿ ಹೊಂಗೆಮರದ ಕೊಂಬೆಗೆ ನೇತಾಡಿತು. ಪಾಪ, ತಮ್ಮ ತಂದಿದ್ದು ಅಂತ ಬಿಡದೆ ತಗೊಂಡೆ. ದಿನಾ ಹುಳದ ಕೆಲಸವೆಲ್ಲಾ ಮುಗಿದ ಮೇಲೆ ಮರದ ಹತ್ತಿರ ಹೋಗಿ ನುಂಗಿ, ಬಾಯಿ ಮುಕ್ಕಳಿಸಿ, ಸ್ನಾನ ಮಾಡಿ ಒಳಗೆ ಬರ್ತಿದ್ದೆ. "ನಿಮ್ಮಕ್ಕ ಹೊಂಗೆಮರಕ್ಕೆ ಹರಕೆ ಹೊತ್ತವ್ಳೆ" ಅಂತ ವೆಂಕಟರಾಯಪ್ಪ ಭಾವ ನನಗೆ ಫೋನಲ್ಲಿ ಹೇಳಿ ನಕ್ಕಿದ್ದೇ ನಕ್ಕಿದ್ದು. ಮಾತ್ರೆ ಹೊಟ್ಟೆಗೆ ಹೋಗ್ತಿದೆ ಅಂತ ನಾನೂ ನಿಶ್ಚಿಂತೆಯಿಂದ ಮಲಗಿದೆ. ನಾನು ನಿಶ್ಚಿಂತೆಯಿಂದ ಮಲಗಿದ ದಿನಗಳು ಅಷ್ಟೇ ಇರಬೇಕು.

ಆಮೇಲೆ ಆಗಿದ್ದನ್ನ ನಾನು ಇಲ್ಲಿ ಗೇಟಿಗೆ ಬರೋ ಡ್ರೈವರುಗಳಿಗೆಲ್ಲಾ ಹೇಳ್ತೀನಿ. ನಿನಗೆ ಮಾತ್ರ ಎದುರಿಗೆ ಹೇಳಿಲ್ಲ. ಈಗ ಕೇಳು.

ದೊಡ್ಡವೆಂಕಟಪ್ಪ ಹೆಣೆದುಕೊಟ್ಟ ಹೊಸ ಚಂದ್ರಂಕಿ ಬಂದಾಗ, ಹುಳ ಗೂಡು ಕಟ್ಟೋ ಬಿದಿರುಪಟ್ಟಿ ಸಾಲೆಲ್ಲಾ ನಡುವೆ ಸೊಟ್ಟ ಅಂತ ನೀನು ವಾಪಸ್ ಕಳಿಸಿದೆ. ಬೈದೂ ಕಳಿಸಿದೆ. ಅವನು ಅದನ್ನ ಹೊತ್ತುಕೊಂಡು ನಿನ್ನ ಬಾಗಿಲಿಗೆ ಬಂದು, ಎದುರಿಗೆ ನಿಲ್ಲಿಸಿ, "ಅಮ್ಮಯ್ಯ, ನನ್ನ ಮಾತು ಬೇಡ, ಬೆರಳಿಟ್ಟು ನೋಡು" ಅಂದ. ನೀನು ಬೆರಳು ಆಡಿಸಿದೆ. ನೆಟ್ಟಗಿತ್ತು. ಬೇರೆ ಯಾರಾದ್ರೂ ಆಗಿದ್ದರೆ ಏನೋ ಒಂದು ಗೊಣಗಿ ಒಳಗೆ ಹೋಗ್ತಿದ್ದರು. ನೀನು ಅಲ್ಲೇ ನಿಂತು ಒಂದು ಕಣ್ಣು ಮುಚ್ಚಿದೆ, ಆಮೇಲೆ ಇನ್ನೊಂದು ಮುಚ್ಚಿದೆ. ಬಲಗಣ್ಣಿಗೆ ಗೆರೆ ನೆಟ್ಟಗೆ. ಎಡಗಣ್ಣಿಗೆ ನಡುವೆ ಬಾಗಿ, ಅಲ್ಲೇ ಒಂದು ಕಡೆ ಹೊಗೆ ಕೂತ ಹಾಗೆ.

ಆಗ ನೀನು ಹೇಳಿದ ಮಾತು ಸೊಸೆ ಆಶಾರಾಣಿ ನನಗೆ ಹೇಳಿದಳು. ಬೀದಿಯಲ್ಲಿ ನಿಂತಿದ್ದವರೆಲ್ಲಾ ಕೇಳೋ ಹಾಗೆ, "ವೆಂಕಟಪ್ಪ, ನಿನ್ನ ಕೆಲಸ ಸೊಟ್ಟಗಿಲ್ಲ, ಸೊಟ್ಟಗಿರೋದು ನನ್ನ ಕಣ್ಣು. ಬೈದಿದ್ದು ಮನಸ್ಸಲ್ಲಿ ಇಟ್ಕೋಬೇಡಪ್ಪ" ಅಂದ್ಯಂತೆ. ಹುಳ ಆರಿಸೋದರಲ್ಲಿ ಹೆಸರಾದವಳು, ನನ್ನ ಕಣ್ಣು ಸರಿಯಿಲ್ಲ ಅಂತ ಬೀದಿಯಲ್ಲಿ ನಿಂತು ಹೇಳೋದು ಅಂದ್ರೆ ಏನು ಸಾಮಾನ್ಯವಾ? ನಾನಾಗಿದ್ದರೆ ಆಗಸ ಬಿದ್ದರೂ ಬಾಯಿ ಬಿಡ್ತಿರಲಿಲ್ಲ.

ಅದೂ ಯಾವ ಹೊತ್ತಲ್ಲಿ? ಹುಳ ಇನ್ನೇನು ಹಣ್ಣಾಗೋ ಹೊತ್ತಲ್ಲಿ. ನಾನು ಫೋನಲ್ಲಿ ಏನೇನೋ ಬಡಬಡಿಸಿದೆ. ಮಾತ್ರೆ ಜಾಸ್ತಿ ತಗೋ ಅಂದೆ, ಬೆಳೆ ಮುಗಿಸಿಕೊಂಡು ಆಸ್ಪತ್ರೆಗೆ ಹೋಗೋಣ ಅಂದೆ. ನೀನು ಒಂದೇ ಮಾತು: "ಹುಳ ಇನ್ನೊಂದು ಬೆಳೆ ಬರುತ್ತೆ." ಯಾವತ್ತೂ ಯಾರಿಗೂ ಬಿಟ್ಟುಕೊಡದ ಆರಿಸೋ ತಟ್ಟೆಯನ್ನ ಆಶಾರಾಣಿ ಮುಂದೆ ಸರಿಸಿ, ಸೀರೆ ಬದಲಾಯಿಸಿ, ಕೋಲಾರದ ಬಸ್ ಹತ್ತಿದೆ. ಆ ಹುಡುಗಿ ಅಳ್ತಾ ಆರಿಸಿದಳಂತೆ.

ನಾನೂ ಇಲ್ಲಿಂದ ಕೋಲಾರಕ್ಕೆ ಓಡಿ ಬಂದೆ. ಕಣ್ಣಾಸ್ಪತ್ರೆಯಲ್ಲಿ ಡಾಕ್ಟರಮ್ಮ ನಿಧಾನವಾಗಿ ಹೇಳಿದರು. ವಯಸ್ಸಾದ ಮೇಲೆ ಬರೋದಂತೆ, ಕಣ್ಣಿನ ಹಿಂದೆ, ನಟ್ಟನಡುವೆ ನೋಡೋ ಜಾಗದಲ್ಲಿ ಸೋರ್ತಿದೆಯಂತೆ. ತಡ ಮಾಡಿದ್ದರೆ ನಡುವಿನ ನೋಟ ಹೋಗಿ ವಾಪಸ್ ಬರ್ತಿರಲಿಲ್ಲವಂತೆ. ನಾನು ನಿನಗೆ ಅಂತ ಹೊಸದಾಗಿ ಕೊಂಡಿದ್ದ ಇನ್ನೊಂದು ಮೀನೆಣ್ಣೆ ಡಬ್ಬಿಯನ್ನ ಜೇಬಿಂದ ತೆಗೆದು ಮೇಜಿನ ಮೇಲಿಟ್ಟೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ಮೀನು ತಿನ್ನೋರು ಮೀನು ತಿನ್ನಲಿ, ಸೊಪ್ಪು ತರಕಾರಿ ತಿನ್ನಲಿ, ಅದೆಲ್ಲಾ ಮೈಗೆ ಒಳ್ಳೇದೇ. ಆದರೆ ಈ ಮಾತ್ರೆ ನುಂಗಿದರೆ ಈ ಕಾಯಿಲೆ ನಿಲ್ಲುತ್ತೆ ಅಂತ ತುಂಬಾ ಜನರ ಮೇಲೆ ನೋಡಿದರೂ ಕಂಡುಬಂದಿಲ್ಲ ಅಂದರು. ಸೋರಿಕೆಗೆ ಇಂಜೆಕ್ಷನ್ನೇ ಬೇಕು ಅಂದರು. ಕಣ್ಣೊಳಗೆ.

ಕಣ್ಣೊಳಗೆ ಅನ್ನೋ ಮಾತು ಕೇಳಿ ನಾನು ಗೋಡೆ ಹಿಡಿದು ಕೆಳಗೆ ಕೂತುಬಿಟ್ಟೆ. ನರ್ಸಮ್ಮ ಓಡಿಬಂದು ನೀರು ಕೊಟ್ಟಿದ್ದು ನನಗೆ. ನೀನು ಸೆರಗು ಸಿಕ್ಕಿಸಿಕೊಂಡು, "ಮೊದಲು ಇವನನ್ನ ಮಲಗಿಸಿ, ನನ್ನದು ಆಮೇಲೆ ನೋಡೋಣ" ಅಂದು ಎಲ್ಲರನ್ನೂ ನಗಿಸಿ, ನೀನೇ ನಡೆದು ಒಳಗೆ ಹೋದೆ. ನಿನ್ನ ಬೆನ್ನು ನೋಡ್ತಾ ಕೂತಿದ್ದೆ ಅಕ್ಕ. ಪಕ್ಕದಲ್ಲಿ ಕೂತಿದ್ದವರು, "ಆಯಮ್ಮ ಯಾರು" ಅಂತ ಕೇಳಿದರು. "ನಮ್ಮಕ್ಕ" ಅಂದೆ. ಅಷ್ಟು ಗಟ್ಟಿಯಾಗಿ ನಾನು ಯಾವತ್ತೂ ಏನನ್ನೂ ಹೇಳಿರಲಿಲ್ಲ.

ಈಗ ಸೋರಿಕೆ ಆರುತ್ತಾ ಬಂದಿದೆ, ಆದರೂ ಕರೆದಾಗೆಲ್ಲಾ ಬರಲೇಬೇಕು ಅಂದಿದಾರೆ. ನೀನು ಮುಂದಿನ ಬೆಳೆಯ ಮರಿಹುಳ ತರೋದನ್ನೇ ಇಂಜೆಕ್ಷನ್ ದಿನ ನೋಡ್ಕೊಂಡು ಮುಂದಕ್ಕೆ ಹಾಕಿದ್ದೀಯ ಅಂತ ಭಾವ ಹೇಳಿದರು. ಆಶಾರಾಣಿ ಆರಿಸಿದ ಹುಳ ಗಟ್ಟಿ ಗೂಡು ಕಟ್ಟಿತು, ನೀನು ಒಂದೊಂದನ್ನೂ ಕಿವಿ ಹತ್ತಿರ ಅಲ್ಲಾಡಿಸಿ ನೋಡಿ "ಪರವಾಗಿಲ್ಲ" ಅಂದ್ಯಂತೆ. ನಿನ್ನ ಬಾಯಲ್ಲಿ ಪರವಾಗಿಲ್ಲ ಅನ್ನೋದು ಎಷ್ಟು ದೊಡ್ಡದು ಅಂತ ಆ ಹುಡುಗಿಗೆ ನಾನೇ ಬಿಡಿಸಿ ಹೇಳಿದೆ.

ನನಗೆ ಉಳಿದಿರೋ ಭಯ ಒಂದೇ. ಬಲಗಣ್ಣಲ್ಲೂ ಇದೇ ಕಾಯಿಲೆಯ ಚುಕ್ಕೆಗಳಿವೆ, ಇನ್ನೂ ಸೋರ್ತಿಲ್ಲ, ದಿನಾ ಒಂದೊಂದೇ ಕಣ್ಣಲ್ಲಿ ಗೆರೆ ನೋಡ್ಕೋಬೇಕು ಅಂತ ಡಾಕ್ಟರಮ್ಮ ಚೌಕಗಳ ಕಾಗದ ಕೊಟ್ಟಿದ್ದರು. ಅದಕ್ಕೆ ನಿನ್ನ ಮೊಮ್ಮಗಳು ಮೌನಿಕಾ ಒಂದೊಂದು ಚೌಕಕ್ಕೂ ಒಂದೊಂದು ಬಣ್ಣ ತುಂಬಿಬಿಟ್ಟಿದಾಳಂತೆ. ಬೆಳೆ ಮುಗಿದು, ಗೆರೆ ನೋಡೋಕಿದ್ದ ಚಂದ್ರಂಕಿಯೂ ಅಟ್ಟ ಸೇರಿದೆ. ಮೊನ್ನೆ ಫೋನಲ್ಲಿ ಬಲಗಣ್ಣು ನೋಡ್ಕೊಂಡ್ಯಾ ಅಂದ್ರೆ, "ಅದು ಒಳ್ಳೇ ಕಣ್ಣಲ್ವೇನೋ, ಅದನ್ನೇನು ನೋಡೋದು" ಅಂದೆ. ಅದಾದ ಮೇಲೇ ಬಿತ್ತು ಆ ಕನಸು.

ಕುರುಡುಮಲೆ ಗಣಪ್ಪ ನಿನ್ನ ಎರಡೂ ಕಣ್ಣನ್ನ ತಂಪಾಗಿ ಇಟ್ಟಿರಲಿ. ನಿನಗೆ ಹರಸುವಷ್ಟು ದೊಡ್ಡವನಲ್ಲ ನಾನು, ನೀನೇ ನನಗೊಂದು ಆಶೀರ್ವಾದ ಮಾಡು, ಸ್ವಲ್ಪ ನಿದ್ದೆ ಬರಲಿ.

ಆರಿಸೋ ತಟ್ಟೆ ಮುಂದೆ ನಿನ್ನ ಪಕ್ಕ ಕೂತಿದ್ದ ತಮ್ಮ,
ಆಂಜಿ

ಇದನ್ನ ಬೇಕಂತಲೇ ಲೆಕ್ಕದ ಪುಸ್ತಕದ ಚೌಕದ ಹಾಳೆಯಲ್ಲಿ ಬರೆದಿದ್ದೀನಿ. ಕನ್ನಡಕ ಹಾಕ್ಕೊಂಡು, ಬೆಳಕಿಗೆ ಬಂದು, ಎಡಗಣ್ಣು ಅಂಗೈಯಲ್ಲಿ ಮುಚ್ಚಿ, ಬಲಗಣ್ಣೊಂದರಲ್ಲೇ ಹಾಳೆ ನಡುವೆ ನೋಡು. ಅಕ್ಷರ ಸೊಟ್ಟಗಿದ್ದರೆ ಬಿಡು, ಅದು ಆರನೇ ಕ್ಲಾಸಿನ ಕೈ. ಗೆರೆ ನೆಟ್ಟಗಿದ್ಯಾ ಅಕ್ಕ? ಇನ್ನೊಂದು ಸಲ ನೋಡು.