ಮಳೆಗಾಲದ ಕೋರ್ಟು

9-11-1980, ಭಾನುವಾರ

ಇವತ್ತೂ ಒಂಬತ್ತೇ ಜನ. ಸೈಕಲ್ ಶಾಪು ನಾಲ್ಕಕ್ಕೇ ಮುಚ್ಚಿ ಓಡಿದ್ದೆ. ಬಾಲ್ ಬ್ಯಾಡ್ಮಿಂಟನ್ ಎಂದರೆ ಆಚೆ ಐದು, ಈಚೆ ಐದು. ಒಬ್ಬ ಕಡಿಮೆಯಾದರೂ ಮುಂದಿನ ಹಲ್ಲು ಬಿದ್ದ ಹಾಗೆ. ಕೊನೆಗೆ ಮಾರ್ಕರ್ ಭೂತಪ್ಪನನ್ನೇ ಇಳಿಸಿದೆವು. ಗೆರೆಗೆ ಸುಣ್ಣ ಹಾಕುವವನೂ ಅವನೇ, ನೆಟ್ ಕಟ್ಟುವವನೂ ಅವನೇ, ಹತ್ತನೆಯವನೂ ಅವನೇ. ಪಂಚೆ ಎತ್ತಿ ಕಟ್ಟಿ ನಿಂತ.

"ನನ್ನ ಕಡೆ ಹೊಡೀಬೇಡಿ ಗೌಡ್ರೆ. ಹೊಡೆದ್ರೆ ಕ್ಲಬ್ ಕೆಲಸ ಬಿಟ್ಟು ಹೋಗ್ತೀನಿ" ಅಂದ.

ಎದುರಿನವರು ಎಲ್ಲ ಚೆಂಡೂ ಅವನ ಕಡೆಗೇ ಹೊಡೆದರು.

ಆದರೂ ಗೆದ್ದೆವು. ಇಪ್ಪತ್ತೊಂಬತ್ತು–ಇಪ್ಪತ್ತನಾಲ್ಕು. ಹಿಂದಿನ ಗೆರೆಯಲ್ಲಿ ದುಗ್ಗಪ್ಪ ಇದ್ದನಲ್ಲ. ಅವನ ಆ ಲಾಬ್... ಹಳದಿ ಉಲ್ಲನ್ ಚೆಂಡು ಕ್ಲಬ್ಬಿನ ಹೆಂಚು ದಾಟಿ, ಹಲಸಿನ ಮರ ದಾಟಿ ಎಲ್ಲಿಗೋ ಹೋಗುತ್ತದೆ. ಮುಂದೆ ನಿಂತ ನಾವು ಉಸಿರು ತೆಗೆದುಕೊಂಡು ಮೀಸೆ ಒರೆಸಿಕೊಂಡ ಮೇಲೆ ನಿಧಾನಕ್ಕೆ ಬಂದು ಎದುರಿನವರ ಕೊನೇ ಗೆರೆಯ ಒಳಗೇ ಕೂರುತ್ತದೆ. ಒಮ್ಮೆ ಶಿವಮೊಗ್ಗದವರಿಬ್ಬರು ಅದನ್ನು ನೋಡುತ್ತಾ ನೋಡುತ್ತಾ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದಿದ್ದರು. ಪ್ಯಾರಾಬೋಲಾ ಅನ್ನುತ್ತಿದ್ದರು ನಮ್ಮ ಫಿಸಿಕ್ಸ್ ಲೆಕ್ಚರರ್. ಇಂಟರ್ ಫೇಲಾದ ಮೇಲೂ ಆ ಒಂದು ಶಬ್ದ ಉಳಿದದ್ದು ದುಗ್ಗಪ್ಪನ ದಯೆ.

ಮನೆಗೆ ಬರುವಾಗ ಏಳು. ಮಗಳು ಶರಾವತಿ ತನ್ನ ಶಾಲೆಯ ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಿದ್ದಳು. ತಲೆ ಎತ್ತದೆ, "ಗೆದ್ರಾ ಅಪ್ಪಯ್ಯ?" ಅಂದಳು. ಅವಳ ಅಮ್ಮನೂ ಹಾಗೇ ಕೇಳುತ್ತಿದ್ದದ್ದು, ತಲೆ ಎತ್ತದೆ.

18-1-1981

ಎಂಟು ಜನ. ಭೂತಪ್ಪ ಸೇರಿ ಒಂಬತ್ತು. ಆಟ ಇಲ್ಲ. ಸುಮ್ಮನೆ ಎತ್ತಿ ಹಾಕಿಕೊಂಡು ನಿಂತೆವು.

ಚೆಂಡುಗಳೆಲ್ಲ ಉಲ್ಲನ್ ಉದುರಿ ಬೋಳು. ನೆಟ್ಟಿನ ತೂತಿಗೆ ತೆಂಗಿನ ಹಗ್ಗ. ಬ್ಯಾಂಕಿನ ತಿಮ್ಮಣ್ಣ ಸಾಗರದ ಕಡೆಯ ಹುಡುಗ, ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವ, ಬಾಯಿ ಮಾತ್ರ ದೊಡ್ಡದು.

"ಕಾರ್ಡ್ ರೂಮಿಗೆ ತಿಂಗಳು ತಿಂಗಳು ಹೊಸ ಇಸ್ಪೀಟು ಬರ್ತದೆ ಗೌಡ್ರೆ. ನಮ್ಮ ಚೆಂಡು ಮಾತ್ರ ನಿಮ್ಮ ತಲೆ ಹಾಗೆ ಬೋಳು" ಅಂದ.

ನನಗೆ ಸಿಟ್ಟು ಬಂತು. ಈ ವರ್ಷ ದುಗ್ಗಪ್ಪನೇ ಸೆಕ್ರೆಟರಿ, ಸ್ವಲ್ಪ ಟೈಮ್ ಕೊಡಿ ಅಂದೆ. ಅವನೇ ಆಡುವವ, ಅವನಿಗೆ ತಿಳಿಯದಾ? ತಿಮ್ಮಣ್ಣ ಕಾರ್ಡ್ ರೂಮಿನ ಕಿಟಕಿ ಕಡೆ ಕೈ ತೋರಿಸಿದ. ದುಗ್ಗಪ್ಪ ಒಳಗೇ ಇದ್ದ. ಯಾರಿಗೋ ಕೈ ಕಡಿಮೆ ಬಿತ್ತೆಂದು ಕೂತಿರಬೇಕು.

ನನ್ನ ಹೆಂಡತಿ ಹೂವಮ್ಮ ತೀರಿಕೊಂಡ ವರ್ಷ ನಾನು ಶಾಪೂ ತೆಗೆಯುತ್ತಿರಲಿಲ್ಲ, ಗಡ್ಡವೂ ತೆಗೆಯುತ್ತಿರಲಿಲ್ಲ. ತಿಥಿ ಮುಗಿದ ಮರುದಿನ ದುಗ್ಗಪ್ಪ ಬಂದ. ಸಮಾಧಾನದ ಮಾತು ಒಂದೂ ಆಡಲಿಲ್ಲ. ಗೋಡೆಯ ಮೊಳೆಯಿಂದ ಬ್ಯಾಟ್ ಇಳಿಸಿ ಕೈಗೆ ಕೊಟ್ಟು, "ಹತ್ತನೆಯವ ಇಲ್ಲ, ಬಾ" ಅಂದ. ಅಷ್ಟೇ. ಅಂಥವನ ಮೇಲೆ ತಿಮ್ಮಣ್ಣ ಬೆರಳು ತೋರಿಸಿದರೆ ನಾನು ಕೇಳಿಕೊಂಡು ಕೂರಬೇಕಾ?

24-5-1981, ಭಾನುವಾರ

ಈ ಸೀಸನ್ನಿನ ಕೊನೇ ಆಟ. ಆಗುಂಬೆ ಕಡೆ ಕಪ್ಪಾಗಿದೆ. ಪ್ರತಿ ವರ್ಷ ಇದೇ ಹಾಡು. ಮಳೆ ಹಿಡಿದರೆ ಕೋರ್ಟು ಗದ್ದೆ, ಬಿಟ್ಟ ಮೇಲೆ ಮಣ್ಣು ಹಾಕಿ ಬಡಿದು ಮತ್ತೆ ಶುರು ಮಾಡುವಾಗ ದೀಪಾವಳಿ. ಅಷ್ಟರಲ್ಲಿ ಇಬ್ಬರು ಕಾರ್ಡ್ ರೂಮಿನ ಪಾಲು. ಮಳೆಗಾಲದಲ್ಲಿ ರಮ್ಮಿ ಕಲಿತವ ಬೇಸಗೆಯಲ್ಲಿ ಬಿಸಿಲಿಗೆ ಬರುವುದಿಲ್ಲ.

ಆಟ ಮುಗಿದ ಮೇಲೆ ದುಗ್ಗಪ್ಪ ಎಲ್ಲರನ್ನೂ ಕೂರಿಸಿದ.

"ಕೋರ್ಟಿಗೆ ಮಾಡು ಹಾಕುವ. ಆಸ್ಬೆಸ್ಟಾಸ್ ಶೀಟು. ಇನ್ನು ಮುಂದೆ ಆಷಾಢದಲ್ಲೂ ಆಟ."

ಭೂತಪ್ಪ, "ಹಂಗಾದ್ರೆ ನಂಗೆ ಮಳೆಗಾಲದ ರಜಾನೂ ಇಲ್ಲಾ" ಅಂದ. ಎಲ್ಲರೂ ನಕ್ಕೆವು. ಕಣ್ಣಿನಲ್ಲಿ ನೀರು ಬಂತು, ನಕ್ಕದ್ದಕ್ಕೋ ಏನೋ. ಮಳೆ ಹೊರಗೆ ಹುಯ್ಯುತ್ತಿದೆ, ಒಳಗೆ ನಾವು ಆಡುತ್ತಿದ್ದೇವೆ... ಗ್ರ್ಯಾಂಡ್ ಐಡಿಯಾ. ರೈಲ್ವೆ ಟೀಮಿನವರಿಗೂ ಇಲ್ಲ ಅಂಥದ್ದು.

2-6-1981

ದುಗ್ಗಪ್ಪನೂ ನಾನೂ ಮಾಡಿನ ಚಂದಾಕ್ಕೆ ಮನೆಮನೆ ಸುತ್ತುತ್ತಿದ್ದೇವೆ. ಅವನು ಬಾಗಿಲಲ್ಲಿ ನಿಲ್ಲುತ್ತಾನೆ, ಮಾತು ನನ್ನದು. "ನಿನ್ನ ಮಾತಿಗೆ ಒಂದು ತೂಕ ಉಂಟು ಗಿರಿಯಣ್ಣ" ಅನ್ನುತ್ತಾನೆ. ತಿಮ್ಮಣ್ಣ ಮಾತ್ರ ನನ್ನ ಮುಖವನ್ನೇ ನೋಡಿದ. "ಸೆಕ್ರೆಟರಿ ಕೇಳಿದ್ರೆ ಕೊಡ್ತಿರಲಿಲ್ಲ. ನೀವು ಕೇಳ್ತಾ ಇದೀರಿ" ಅಂದು ಕೊಟ್ಟ.

ಮೇಗರವಳ್ಳಿಗೂ ಹೋಗಿದ್ದೆವು, ಬಸ್ಸಿನಲ್ಲಿ, ಬೆಳ್ಳಪ್ಪ ಹೆಗಡೇರ ಮನೆಗೆ. ನಮಗೆ ಬ್ಯಾಟ್ ಹಿಡಿಯುವುದು ಕಲಿಸಿದವರು. ಈಗ ಮಂಡಿ ಹೋಗಿದೆ, ಕೋಲು ಬಂದಿದೆ. ದನದ ಕೊಟ್ಟಿಗೆಗೆಂದು ಇಟ್ಟುಕೊಂಡಿದ್ದ ಹೊನ್ನೆ ಮರದ ತೊಲೆ ತೋರಿಸಿ, "ತಗೊಂಡು ಹೋಗಿ" ಅಂದರು.

"ಕೊಟ್ಟಿಗೆಗೆ?" ಅಂದೆ.

"ದನ ಇಷ್ಟು ವರ್ಷ ನೆನೆದಿದಾವೆ, ಇನ್ನೊಂದು ವರ್ಷ ನೆನೀತಾವೆ. ಮಳೆಯಾಗೆ ಆಡೋದನ್ನ ಒಂದ್ಸಲ ನೋಡ್ಬೇಕು ಮಾರಾಯ. ದುಗ್ಗನ ಲಾಬ್ ಮಳೆಯಾಗೆ ಹೆಂಗೆ ಬೀಳ್ತದೆ ಅಂತ."

ಬರುವಾಗ ಬಸ್ಸಿನಲ್ಲಿ ದುಗ್ಗಪ್ಪ ಕಿಟಕಿ ಕಡೆಗೇ ಮುಖ ತಿರುಗಿಸಿ ಕೂತ. ಮನಸ್ಸು ತುಂಬಿ ಬಂದಿರಬೇಕು.

6-8-1981

ಮಳೆ. ಮಳೆ. ಕೆಲಸ ಶುರುವಾಗಿಲ್ಲ, ಬಿಟ್ಟ ಮೇಲೆ ಅಂತೆ. ಶಾಪಿನ ಗೋಡೆಗೆ ಚೆಂಡು ಹೊಡೆದು ಕೈ ಸರಿಯಿಟ್ಟುಕೊಳ್ಳುತ್ತಿದ್ದೇನೆ. ಪಂಕ್ಚರ್‌ಗೆ ಬಂದವರು ಕಾಯುತ್ತಾರೆ. ಚೆಂಡಿಗೆ ತೇವ ಹಿಡಿದು ಕಲ್ಲಿನಂತಾಗಿದೆ. ಮೊದಲಾದರೆ ಹೂವಮ್ಮ ಒಲೆಯ ಪಕ್ಕ ಸಾಲಾಗಿ ಇಟ್ಟು ತಿರುವಿ ತಿರುವಿ ಒಣಗಿಸುತ್ತಿದ್ದಳು. "ಇವು ಯಾವಾಗ ಮರಿ ಮಾಡ್ತಾವೆ?" ಎಂದು ಕೇಳುತ್ತಿದ್ದಳು. ಶರಾವತಿಗೆ ಹೇಳಿದೆ. "ನಾನು ರೊಟ್ಟಿ ಒಂದನ್ನೇ ತಿರುವಿ ಹಾಕೋದು ಅಪ್ಪಯ್ಯ" ಅಂದಳು. ಸರಿ, ನಾನೇ ಇಟ್ಟೆ.

11-10-1981, ಭಾನುವಾರ, ರಾತ್ರಿ

ಕಂಬ ನಿಂತಿವೆ. ಎದ್ದುಬಿದ್ದು ಓಡಿದೆ. ಕೈಯಲ್ಲಿ ಬ್ಯಾಟ್ ಇತ್ತು, ಅಭ್ಯಾಸ. ಕಂಬದ ಪಕ್ಕ ನಿಂತು ಸುಮ್ಮನೆ ಮೇಲೆ ಎತ್ತಿದೆ. ಬ್ಯಾಟಿನ ತುದಿಗೂ ಅಡ್ಡ ತೊಲೆಗೂ ಒಂದು ಗೇಣು. ಹೆಗಡೇರ ಹೊನ್ನೆ ತೊಲೆ.

"ಇನ್ನೂ ಮೇಲೆ ಹೋಗ್ತದಾ ಇದು?" ಮೇಸ್ತ್ರಿಯನ್ನು ಕೇಳಿದೆ.

"ಇಲ್ಲ ಅಯ್ಯ, ಇಷ್ಟೇ. ಮುಂದಿನ ವಾರ ಶೀಟು."

ಲಾಬ್ ಇರಲಿ, ನನ್ನಂಥವನ ತಗ್ಗಿನ ಪುಶ್ ಕೂಡ ತಾಗುತ್ತದೆ. ಮೇಸ್ತ್ರಿ ಮರ ಉಳಿಸುವುದಕ್ಕೆ ದುಗ್ಗಪ್ಪನಿಗೆ ಮೋಸ ಮಾಡುತ್ತಿದ್ದಾನೆ ಅಂದುಕೊಂಡೆ. ಸೀದಾ ಅವನ ಮನೆಗೆ. ಊಟಕ್ಕೆ ಕೂತಿದ್ದ. ನಿಂತಲ್ಲೇ ಹೇಳಿದೆ — ಶೀಟು ಹಾಕಿಸಬೇಡ, ಕೆಲಸ ನಿಲ್ಲಿಸು, ನಿನ್ನ ಹೆಸರು ಕೆಡುತ್ತದೆ. ಕೈ ಅಡ್ಡ ಹಿಡಿದು ಎತ್ತರವನ್ನೂ ತೋರಿಸಿದೆ. ಅವನು ಅನ್ನ ಕಲಸುತ್ತಾ ಇದ್ದ. ಬಹಳ ಹೊತ್ತು ಕಲಸಿದ.

"ನಾಳೆ ಶಾಪಿಗೆ ಬರ್ತೀನಿ ಗಿರಿಯಣ್ಣ" ಅಂದ.

ಪಾಪ, ಅವನಿಗೂ ಶಾಕ್ ಆಗಿರಬೇಕು.

12-10-1981

ಬಂದ. ಸ್ಟೂಲಿನ ಮೇಲೆ ಕೂತ. ಕಾಫಿ ತರಿಸಿದೆ, ಕುಡಿಯಲಿಲ್ಲ.

"ಮೇಸ್ತ್ರಿದು ತಪ್ಪಿಲ್ಲ. ನಾನೇ ಅಷ್ಟು ಹೇಳಿದ್ದು" ಅಂದ.

ನನಗೆ ಅರ್ಥ ಆಗಲಿಲ್ಲ. ನಿಜಕ್ಕೂ ಆಗಲಿಲ್ಲ.

"ಎತ್ತರ ಮಾಡಿದ್ರೆ ಎರಚಲು ಒಳಗೆ ಹೊಡೀತದೆ. ನಮ್ಮ ಮಳೆಗೆ ಯಾರಾದ್ರೂ ಎತ್ತರದ ಮಾಡು ಕಟ್ತಾರಾ? ನಿಂಗೊತ್ತಿಲ್ವಾ?"

ಗೊತ್ತು. ಹುಟ್ಟಿದಾಗಿಂದ ತಲೆ ಬಗ್ಗಿಸಿಯೇ ಹೊಸ್ತಿಲು ದಾಟಿದವ ನಾನು. ಇಷ್ಟು ವರ್ಷ ಈ ಮಳೆ ಕಂಡೂ ಒಮ್ಮೆಯೂ ಹೊಳೆಯಲಿಲ್ಲ. ಅವನಿಗೆ ಹೊಳೆದಿತ್ತು.

"ಹಾಗಾದ್ರೆ ಆಟ?"

"ಹತ್ತು ಜನ ತೋರಿಸು ಗಿರಿಯಣ್ಣ. ಹೋದ ಸೀಸನ್ ಎಷ್ಟು ದಿನ ಹತ್ತು ಜನ ಇದ್ರು? ಭೂತಪ್ಪನ್ನ ಬಿಟ್ಟು ಹೇಳು. ಹಾಲ್ ಆದ್ರೆ ಮದುವೆಗೆ ಕೊಡಬಹುದು, ಇಸ್ಪೀಟಿಗೆ ಜಾಗ ಆಗ್ತದೆ. ಕ್ಲಬ್ ಉಳೀತದೆ."

"ಮತ್ತೆ ಹಾಲ್ ಅಂತಲೇ ಕೇಳಬೇಕಿತ್ತು."

"ಹಾಲ್ ಅಂದ್ರೆ ಯಾರು ಕೊಡ್ತಿದ್ರು? ಆಟ ಅಂದ್ರೆ ಕೊಡ್ತಾರೆ. ನೀನು ಕೇಳಿದ್ರೆ ಇನ್ನೂ ಕೊಡ್ತಾರೆ."

ಹೀಗೇ ಅಂದ. ನನ್ನ ಸ್ಟೂಲಿನ ಮೇಲೆ ಕೂತು, ನನ್ನ ಮುಖ ನೋಡಿಕೊಂಡು. ಸುಳ್ಳಾದರೂ ಹೇಳಬಹುದಿತ್ತು.

ಎದ್ದು ಹೋಗುವಾಗ ಕಾಫಿ ಲೋಟ ತಾನೇ ಎತ್ತಿಕೊಂಡು ಹೋಟೆಲಿಗೆ ಕೊಟ್ಟು ಹೋದ. ಅಷ್ಟು ಮರ್ಯಾದೆ ಉಂಟು ಅವನಿಗೆ.

13-10-1981

ಬ್ರೀಚ್ ಆಫ್... ಮುಂದಿನದು ಮರೆತಿದೆ. ಕಾಲೇಜಿನಲ್ಲಿ ಓದಿದ್ದು. ಶಾಪ್ ತೆಗೆಯಲಿಲ್ಲ.

20-10-1981

ಶೀಟು ಹೊದಿಸಿದರು. ತಿಮ್ಮಣ್ಣ ರಸ್ತೆಯಲ್ಲಿ ಸಿಕ್ಕ. ಬೈಯುತ್ತಾನೆ ಅಂದುಕೊಂಡಿದ್ದೆ. "ಎಂತ ಗೌಡ್ರೆ, ನಿಮಗೂ ಗೊತ್ತಿತ್ತಾ?" ಅಂತ ಮಾತ್ರ ಕೇಳಿದ. ಇಲ್ಲ ಅಂದೆ. ತಲೆ ಆಡಿಸಿದ. ನಂಬಿದನೋ ಇಲ್ಲವೋ. ನಂಬದಿದ್ದರೆ ನಾನು ಮೋಸಗಾರ, ನಂಬಿದರೆ ನಾನು ಪೆದ್ದ. ಎರಡರಲ್ಲಿ ಯಾವುದು ವಾಸಿ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

6-6-1982, ಭಾನುವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಸಂಜೆ ಅನ್ನುವುದು ಇಷ್ಟು ಉದ್ದ ಅಂತ ಗೊತ್ತಿರಲಿಲ್ಲ.

ಇವತ್ತು ಹಾಲಿನ ಓಪನಿಂಗ್. ಹೋಗಬಾರದೆಂದು ನಿಶ್ಚಯಿಸಿದ್ದೆ. ಮಧ್ಯಾಹ್ನದ ಬಸ್ಸಿಗೆ ಬೆಳ್ಳಪ್ಪ ಹೆಗಡೇರು ಬಂದಿಳಿದರು. ಕೋಲು, ಕೊಡೆ, ಇಸ್ತ್ರಿ ಮಾಡಿದ ಅಂಗಿ. ಮಾಡು ತಗ್ಗು, ಆಟ ಇಲ್ಲ ಅಂತ ಯಾರೂ ಅವರಿಗೆ ಹೇಳಿಲ್ಲ. ನಾನೂ ಹೇಳಿರಲಿಲ್ಲ. ಯಾವ ಬಾಯಲ್ಲಿ ಹೇಳುವುದು.

"ನಡಿ ಮಾರಾಯ, ಮಳೆನೂ ಸಮಾ ಬಂತು. ಎಷ್ಟು ಗಂಟೆಗೆ ಆಟ?" ಅಂದರು.

ಬ್ಯಾಟ್ ಹಿಡಿದುಕೊಂಡು ಹೊರಟೆ.

ಒಳಗೆ ಕುರ್ಚಿ, ಬ್ಯಾಟರಿ ಸೆಟ್ಟಿನ ಮೈಕು, ಮೂಲೆಯಲ್ಲಿ ಇಸ್ಪೀಟಿನ ಮೇಜುಗಳು. ಶೀಟಿನ ಮೇಲೆ ಮಳೆಯ ಸದ್ದಿಗೆ ಭಾಷಣ ಒಂದೂ ಕೇಳಲಿಲ್ಲ. ಹೆಗಡೇರು ಮೇಲೆ ನೋಡಿದರು. ತಮ್ಮ ತೊಲೆಯನ್ನು ಗುರುತು ಹಿಡಿದರು. ಕೋಲು ಎತ್ತಿದರೆ ತಾಗುವಂತಿತ್ತು. ಆಮೇಲೆ ನನ್ನ ಕಡೆ ತಿರುಗಿ ಕೈಯಲ್ಲಿದ್ದ ಬ್ಯಾಟ್ ನೋಡಿದರು.

ಎದ್ದು ಮುಂದೆ ಹೋದೆ. ಮೈಕು ಬೇಕಾಗಲಿಲ್ಲ.

"ದುಗ್ಗಪ್ಪ, ಹೆಗಡೇರು ಮೇಗರವಳ್ಳಿಯಿಂದ ಬಂದಿದಾರೆ. ನಿನ್ನ ಲಾಬ್ ಒಂದು ನೋಡಬೇಕಂತೆ" ಅಂದೆ.

ಬ್ಯಾಟ್ ಕೊಟ್ಟೆ. ಜನ ಚಪ್ಪಾಳೆ ತಟ್ಟಿದರು, ಇದೂ ಪ್ರೋಗ್ರಾಂ ಅಂತ. ಭೂತಪ್ಪ ಎಲ್ಲಿಂದಲೋ ಒಂದು ಚೆಂಡು ತಂದ, ಹೊಸದು. ದುಗ್ಗಪ್ಪ ನನ್ನನ್ನು ನೋಡಿದ. ಬೇಡ ಅನ್ನುತ್ತಾನೆ ಅಂದುಕೊಂಡೆ. ತಗ್ಗಿನಲ್ಲಿ ಮೆಲ್ಲಗೆ ತಳ್ಳಿ ನಕ್ಕು ಮುಗಿಸಬಹುದಿತ್ತು. ಆದರೆ ಚೆಂಡು ಎತ್ತಿಹಾಕಿದ ಮೇಲೆ ಅವನ ಕೈ ಅವನ ಮಾತು ಕೇಳಲಿಲ್ಲ. ಪೂರ್ತಿ ಬೀಸಿದ, ಮೊದಲಿನ ಹಾಗೆ, ಬೆನ್ನು ಬಗ್ಗಿಸಿ.

ತೊಲೆಗೆ ಬಡಿದು ಅವನ ಕಾಲ ಬುಡದಲ್ಲೇ ಬಿತ್ತು.

ಜನ ನಕ್ಕರು. ಹೆಗಡೇರು ನಗಲಿಲ್ಲ. ದುಗ್ಗಪ್ಪ ಬಗ್ಗಿ ಚೆಂಡು ಎತ್ತಿ ಜೇಬಿಗೆ ಹಾಕಿಕೊಂಡ. ಬ್ಯಾಟನ್ನು ಹಿಡಿ ನನ್ನ ಕಡೆ ಮಾಡಿ ಹಿಂದಕ್ಕೆ ಕೊಟ್ಟ.

ಬಸ್ ಸ್ಟ್ಯಾಂಡಿನಲ್ಲಿ ಹೆಗಡೇರು ಹೇಳಿದ್ದು ಒಂದೇ ಮಾತು: "ಕೊಟ್ಟಿಗೆಗೇ ಹಾಕಿದ್ರೆ ಇನ್ನೂ ಸ್ವಲ್ಪ ಎತ್ತರಕ್ಕೆ ಹಾಕ್ತಿದ್ದೆ."

7-6-1982

ಗೆದ್ದ ಹಾಗೆ ಅನ್ನಿಸುತ್ತದೆ ಅಂದುಕೊಂಡಿದ್ದೆ. ಇಲ್ಲ. ಬ್ರೀಚ್ ಆಫ್ ಟ್ರಸ್ಟ್, ನಂಬಿಕೆದ್ರೋಹ — ಟ್ರಸ್ಟ್, ಅದೇ ಶಬ್ದ. ನೆನಪಾಗಿ ಏನು ಬಂತು.

ಶರಾವತಿ ಕೇಳಲಿಲ್ಲ ಈ ಸಲ, ಗೆದ್ರಾ ಅಂತ.

15-7-1982, ಗುರುವಾರ, ಸಂಜೆ ನಾಲ್ಕೂವರೆ

ಭೂತಪ್ಪ ಬಂದಿದ್ದಾನೆ. ಕಂಬಳಿಕೊಪ್ಪೆಯಿಂದ ನೀರು ಸುರಿಯುತ್ತಿದೆ. ಜಗಲಿಯಲ್ಲಿ ಕೂತು ಶರಾವತಿ ಕೊಟ್ಟ ಕಾಫಿ ಊದುತ್ತಿದ್ದಾನೆ. ಅವನ ಕೈಯಲ್ಲಿ ದುಗ್ಗಪ್ಪ ಚೆಂಡು ಕಳಿಸಿದ್ದಾನೆ, ಅವತ್ತು ಜೇಬಿಗೆ ಹಾಕಿಕೊಂಡದ್ದೇ. ಪೂರಾ ನೆನೆದಿದೆ.

"ಸೆಕ್ರೆಟರಿ ಕೆಲಸ ಬಿಟ್ರು ಅವರು. ಹೈಸ್ಕೂಲಿನ ಹಿಂದೆ ಸಮಾ ಜಾಗ ಉಂಟಂತೆ. ಮಳೆ ಬಿಟ್ಟ ಮೇಲೆ ಮಣ್ಣು ಬಡಿಯೋಣ ಅಂದ್ರು. ಹತ್ತು ಜನ ಬೇಡ, ನೀವೊಬ್ರು ಬಂದ್ರೆ ಸಾಕಂತೆ. ಉತ್ತರ ತಗೊಂಡೇ ಬಾ ಅಂದಿದಾರೆ."

ಮಳೆ ಬಿಟ್ಟ ಮೇಲೆ. ಮತ್ತೆ ಅದೇ ಮಾತು, ಅದೇ ಬಾಯಿ. ಈ ಸಲ ಬಾಗಿಲಿಗೂ ಬರಲಿಲ್ಲ, ಭೂತಪ್ಪನನ್ನು ನಿಲ್ಲಿಸಿದ್ದಾನೆ, ಆಗ ನನ್ನನ್ನು ನಿಲ್ಲಿಸಿದ ಹಾಗೆ. ಇನ್ನೊಮ್ಮೆ ನಂಬಿದರೆ ತಪ್ಪು ಅವನದಲ್ಲ, ನನ್ನದು. ಬರುವುದಿಲ್ಲ ಅಂತ ಹೇಳಿ ಕಳಿಸಬೇಕು. ಚೆಂಡೂ ಹಿಂದಕ್ಕೆ ಕೊಡಬೇಕು.

ಇದನ್ನು ಬರೆಯಲು ಕೂರುವ ಮೊದಲೇ ಚೆಂಡನ್ನು ಒಲೆಯ ಪಕ್ಕ ಇಟ್ಟಿದ್ದೇನೆ. ಯಾವಾಗ ಇಟ್ಟೆನೋ ಗೊತ್ತಿಲ್ಲ, ಕೈ ಅಭ್ಯಾಸ. ಒಂದು ಕಡೆ ಆವಿ ಏಳುತ್ತಿದೆ. ತಿರುವದಿದ್ದರೆ ಉಲ್ಲನ್ ಸುಡುತ್ತದೆ.

"ಗೌಡ್ರೆ, ಕತ್ಲಾಗ್ತದೆ. ಏನಂತ ಹೇಳ್ಲಿ?"

ಏನೂ ಇಲ್ಲ. ಇಷ್ಟು ಹೇಳು ಅಂದರಾಯಿತು — ಗಿರಿಯಪ್ಪಗೌಡರು ಚೆಂಡು ಒಣಗಿಸ್ತಾ ಇದಾರೆ ಅಂತ.