ಬಾಗಿಲಡಿಯ ಸಂದು

ಮಗುವಿನ ಅಪ್ಪನಿಗೆ,

ಜಗಳವಾಡಿ ಹೊತ್ತುಕೊಂಡು ಹೋದ ನಿಮ್ಮ ಸಿಟ್ಟು ನಿಮ್ಮಕ್ಕನ ಮನೆಯಲ್ಲಿ ಚೆನ್ನಾಗಿ ಉಂಡು ಮಲಗಿರಬೇಕು. ಇಲ್ಲಿ ಚೇಳುಗಳು ಬರುತ್ತಿವೆ. ಮಗು ಅಂಬೆಗಾಲಿಡುತ್ತಿದೆ.

ಔಷಧಿ ಸಿಂಪಡಿಸೋಣವೆಂದರೆ ಇದು ನೆಲ ಮುಟ್ಟಿದ ಕೈಯನ್ನೇ ಬಾಯಿಗಿಡುತ್ತೆ. ಅದಕ್ಕೇ ಗೋಡೆಗೊರಗಿದ್ದ ಸೌದೆಯನ್ನು ದೂರ ಹಾಕಿದೆ, ಬಿರುಕುಗಳಿಗೆಲ್ಲ ಸುಣ್ಣ ಮೆತ್ತಿದೆ. ಉಳಿದದ್ದು ಬಾಗಿಲಡಿಯ ಸಂದು. ನೀವು ತಡವಾಗಿ ಬಂದಾಗ ಬಾಗಿಲು ನೆಲಕ್ಕುಜ್ಜಿ ಕರಕರ ಅಂದು ಮಗು ಏಳುತ್ತೆ ಅಂತ ನೀವೇ ಎರಡು ಬೆರಳಗಲ ಕೀಸಿ ತೆಗೆದದ್ದು. ಬಡಗಿಯ ಮನೆಗೇ ಇಂಥ ಬಾಗಿಲು.

ಮಧ್ಯಾಹ್ನ ಮಗುವಿನ ಪಕ್ಕದಲ್ಲಿ ಮಂಪರು ಹತ್ತಿದಾಗ ಆ ಸಂದಿನಿಂದ ಬಿಸಿಲು ನೀರಿನ ಹಾಗೆ ಒಳಗೆ ಹರಿಯುತ್ತೆ. ಮನೆ ಮೆಲ್ಲಗೆ ತೇಲುತ್ತೆ. ಬೆಳಕಿನಲ್ಲಿ ಎರಡು ಕಾಲಿನ ನೆರಳು ಬಂದು ನಿಂತ ಹಾಗಾಗುತ್ತೆ. ಕಣ್ಣುಜ್ಜಿ ನೋಡಿದರೆ ಚೇಳು.

ಇವತ್ತು ಸದ್ಯಕ್ಕೆಂದು ನಿಮ್ಮ ಹಳೇ ಅಂಗಿ ಸುತ್ತಿ ಆ ಸಂದಿಗೆ ತುರುಕಿದ್ದೇನೆ. ಬಾಗಿಲ ಕೆಳಗೆ ಒಂದು ಮರದ ಪಟ್ಟಿ ಹೊಡೆಸು ಅಂತಾರೆ ಓನರಮ್ಮ. ನೀವು ಕೀಸಿದ ಬಾಗಿಲಿಗೆ ಬೇರೆ ಬಡಗಿಯ ಕೈ ಹಾಕಿಸಲು ನನಗೆ ಮನಸ್ಸಿಲ್ಲ.

ಪಟ್ಟಿ ತಂದು ನೀವೇ ಹೊಡೆಯಿರಿ. ಬಾಗಿಲು ಮತ್ತೆ ಕರಕರ ಅನ್ನುತ್ತೆ. ಅನ್ನಲಿ. ನೀವು ಮನೆಗೆ ಬಂದದ್ದು ನಮ್ಮಿಬ್ಬರಿಗೂ ಕೇಳಿಸಲಿ.

ಬಾಗಿಲ ಒಳಗಿರುವ,
ಮಗುವಿನ ಅಮ್ಮ