ಕೆಂಪು ಕಾರು ಬುಧವಾರ ವಾಪಸ್

ಪ್ರೀತಿಯ ಅಮ್ಮನಿಗೆ,

ಕನ್ನಡಕ ಹುಡುಕಬೇಡ, ದಪ್ಪ ಅಕ್ಷರದಲ್ಲೇ ಬರೆದಿದ್ದೇನೆ. ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ, ಅದಕ್ಕೇ ಈ ಕಾಗದ.

ಗುರುವಾರ ಕಣ್ಣಿನ ಆಪರೇಷನ್ ಮುಗಿಸಿಕೊಂಡು ನನ್ನ ಕೆಂಪು ಕಾರಿನಲ್ಲೇ ಮನೆಗೆ ಬರಬೇಕು ಎಂದೆಯಲ್ಲ. "ಕೆಳಗಿನ ಮನೆಯವಳು ನೋಡ್ಲಿ. ನನ್ ಮಗಳ ಹತ್ರ ವಾರಕ್ಕೊಂದು ಕಾರು ಇರುತ್ತೆ ಅಂದ್ರೆ ನಗ್ತಾಳೆ" ಎಂದೆ. ಅಮ್ಮ, ಆ ಕಾರು ಬುಧವಾರವೇ ವಾಪಸ್ ಹೋಗುತ್ತದೆ. ಅದು ನನ್ನದಲ್ಲ. ನನ್ನ ವಿಡಿಯೋಗಳಲ್ಲಿ ನೀನು ನೋಡಿದ ಯಾವ ಕಾರೂ ನನ್ನದಲ್ಲ.

ಕಾರು ಮಾಡುವ ಕಂಪನಿಯ ಡ್ರೈವರ್ ಬಂದು ಕೀ ಕೊಟ್ಟು ಹೋಗುತ್ತಾನೆ. ನಾಲ್ಕು ದಿನ ಓಡಿಸಿ, ಕಾರು ಹೇಗಿದೆ ಎಂದು ವಿಡಿಯೋ ಮಾಡಿ, ತೊಳೆಸಿ ಒಪ್ಪಿಸಬೇಕು. ಗೀರು ಬಿದ್ದರೆ ನನ್ನ ತಲೆಗೆ. ಬಾನೆಟ್ ಮೇಲೆ ಬೆಕ್ಕು ಮಲಗಿದರೆ ನನಗೆ ನಿದ್ದೆ ಬರುವುದಿಲ್ಲ. ವಿಡಿಯೋ ನಡುವೆ ಬರುವ ಜಾಹೀರಾತಿನ ದುಡ್ಡು ಕ್ಯಾಮೆರಾ ಹಿಡಿಯುವವನ ಸಂಬಳಕ್ಕೇ ಸರಿ. ಮನೆ ನಡೆಯುವುದು ಸೀಟ್ ಕವರ್, ಪಾಲಿಶ್ ಮಾರುವವರಿಂದ. ಅವರ ಡಬ್ಬಿ ಹಿಡಿದುಕೊಂಡು ಹಲ್ಲು ಕಿರಿಯುತ್ತೇನಲ್ಲ, ಅದಕ್ಕೆ ಕೊಡುತ್ತಾರೆ.

ಒಮ್ಮೆ ಒಂದು ಕಾರಿನ ಹಿಂದಿನ ಸೀಟಿನಲ್ಲಿ ಮಂಡಿ ತಾಗುತ್ತದೆ ಎಂದುಬಿಟ್ಟೆ. ಆ ಕಂಪನಿಯ ಮುಂದಿನ ಕಾರು ನನ್ನಂತೆ ವಿಡಿಯೋ ಮಾಡುವ ಉಳಿದವರ ಮನೆಗೆಲ್ಲ ಹೋಗಿ, ಜನರಿಗೆ ಅದರ ಆಸೆ ತೀರಿದ ಮೇಲೆ ನನ್ನ ಮನೆಗೆ ಬಂತು. ಈಗ ಮಂಡಿ ತಾಗಿದರೆ "ಮನೆಯವರೆಲ್ಲ ಆತ್ಮೀಯವಾಗಿ ಕೂರಬಹುದು" ಎನ್ನುತ್ತೇನೆ. ಅದನ್ನು ಕೇಳಿ ನೀನು ನಕ್ಕಿದ್ದೆ. ನನಗೆ ಸಾಕಾಗಿಹೋಗಿದೆ ಅಮ್ಮ.

ಗುರುವಾರ ನನ್ನ ಸ್ವಂತ ಕಾರು ತರುತ್ತೇನೆ. ಯಾವ ವಿಡಿಯೋದಲ್ಲೂ ಬಾರದ, ಸೆಕೆಂಡ್ ಹ್ಯಾಂಡಿನ ಬೂದು ಕಾರು. ಹಿಂದಿನ ಬಾಗಿಲು ಒಳಗಿನಿಂದಷ್ಟೇ ತೆರೆಯುತ್ತದೆ. ಏರಿನಲ್ಲಿ ಏದುಸಿರು ಬಿಡುತ್ತದೆ. ಎಸಿ ಅದಕ್ಕೆ ಮನಸ್ಸು ಬಂದರೆ ಉಂಟು. ನೋಡು, ಒಂದು ಕಾರಿನ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ಎಷ್ಟು ಕಾಲವಾಗಿತ್ತು.

ನಿನ್ನ ಒಂದು ಕಣ್ಣಿಗೆ ಪಟ್ಟಿ ಇರುತ್ತದೆ, ಇನ್ನೊಂದಕ್ಕೆ ಎಲ್ಲವೂ ಮಂಜು. "ಕೆಂಪು ಕಾರೇ ಅಮ್ಮ, ಹತ್ತು" ಎಂದಿದ್ದರೆ ನೀನು ನಂಬಿ ಹತ್ತುತ್ತಿದ್ದೆ. ಅಂಥ ಮಾತನ್ನು ಊರಿಗೆಲ್ಲ ಹೇಳುತ್ತೇನೆ, ನಿನಗೆ ಹೇಳಲಾರೆ. ಕೆಳಗಿನ ಮನೆಯವರು ಕೇಳಿದರೆ ಮಗಳ ಕಾರು ಎನ್ನು. ಈ ಸಲ ಅದು ನಿಜ.

ಪಟ್ಟಿ ಬಿಚ್ಚಿದಾಗ ನಿನಗೆ ಎಲ್ಲವೂ ತಿಳಿಯಾಗಿ ಕಾಣಲಿ. ಮೊದಲು ನನ್ನ ಮುಖ ನೋಡು, ಆಮೇಲೆ ಕಾರಿನ ನೆಗ್ಗು.

ನಿನ್ನ ದೊಡ್ಡ ಮಗಳು